ಹೊರರಾಜ್ಯಕ್ಕೆ ವಾಹನ ಸ್ಥಳಾಂತರ: ಹೊಗೆ ನಿಯಮ, ತೆರಿಗೆ ಮತ್ತು ಲೆಕ್ಕಪತ್ರ

ಶಿವಗಂಗೆಯ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುತ್ತದೆಂಬುದು ನಮ್ಮ ಭಾಗದವರೆಲ್ಲರೂ ಬಲ್ಲ ಮಾತು. ಬೆಟ್ಟವೊಂದೇ, ನೋಡುವ ದಿಕ್ಕು ಬೇರೆ. ಮೋಟಾರು ವಾಹನದ ವಿಷಯದಲ್ಲಿ ಕಾನೂನಿನ ಸ್ಥಿತಿಯೂ ಹೀಗೆಯೇ ಇದೆ. ನೆಲಮಂಗಲದ ಕೆಎ-52 ಕಚೇರಿಯ ದೃಷ್ಟಿಯಲ್ಲಿ ಇನ್ನೂ ಏಳು ವರ್ಷ ಓಡಬಲ್ಲ ಕಾರು, ದೆಹಲಿಯ ಕಚೇರಿಯ ದೃಷ್ಟಿಯಲ್ಲಿ ಎರಡೇ ವರ್ಷ ಬಾಳುವ ಕಾರಾಗಬಹುದು.

ದಾಬಸ್‌ಪೇಟೆ, ಸೋಂಪುರ ಕೈಗಾರಿಕಾ ಪ್ರದೇಶ ಮತ್ತು ತುಮಕೂರು ರಸ್ತೆಯ ಉದ್ದಕ್ಕೂ ಇರುವ ಸಣ್ಣ ತಯಾರಕರಲ್ಲಿ ಅನೇಕರು ಉತ್ತರ ಭಾರತದಲ್ಲಿ ಮಾರಾಟ ಡಿಪೋ ತೆರೆಯುವುದುಂಟು. ಅದರ ಮೇಲ್ವಿಚಾರಣೆಗೆ ಮಗನನ್ನೋ ಪಾಲುದಾರನನ್ನೋ ಕಳುಹಿಸುವಾಗ, ಇಷ್ಟಪಟ್ಟು ಕೊಂಡ ಶಕ್ತಿಶಾಲಿ ಎಂಜಿನ್ನಿನ ಕಾರನ್ನೂ ಜೊತೆಗೆ ಕಳುಹಿಸುವ ಯೋಚನೆ ಸಹಜವಾಗಿ ಬರುತ್ತದೆ. ಆ ಯೋಚನೆಯನ್ನು ಕಾರ್ಯರೂಪಕ್ಕೆ ತರುವ ಮುನ್ನ ಮಾಡಬೇಕಾದ ಪರಿಶೀಲನೆಯನ್ನೂ ಲೆಕ್ಕಾಚಾರವನ್ನೂ ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

1. ಕಾನೂನಿನ ಚೌಕಟ್ಟು

1988ರ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣದ ಮೇರೆಗೆ, ಒಂದು ರಾಜ್ಯದಲ್ಲಿ ನೋಂದಾಯಿತವಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇರಿಸಿಕೊಂಡರೆ, ಅಲ್ಲಿನ ನೋಂದಣಿ ಪ್ರಾಧಿಕಾರದಿಂದ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಲೇಬೇಕು. ಇದಕ್ಕೆ ಸಲ್ಲಿಸಬೇಕಾದ ಅರ್ಜಿ ನಮೂನೆ 27. ಅದಕ್ಕೂ ಮೊದಲು, 48ನೆಯ ಪ್ರಕರಣದಂತೆ, ಮೂಲ ನೋಂದಣಿ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಅರ್ಜಿ ತಲುಪಿದ 30 ದಿನಗಳೊಳಗೆ ಪತ್ರವನ್ನು ಕೊಡಬೇಕು, ಇಲ್ಲವೇ ಕಾರಣಸಹಿತ ನಿರಾಕರಿಸಬೇಕು. ಎರಡನ್ನೂ ಮಾಡದಿದ್ದಲ್ಲಿ ಪತ್ರ ಕೊಟ್ಟಂತೆಯೇ ಭಾವಿಸತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ. ವಾಹನವು ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಸಾಲಕ್ಕೆ ಒಳಪಟ್ಟಿದ್ದರೆ ಆ ಸಂಸ್ಥೆಯ ಒಪ್ಪಿಗೆಯೂ ಅಗತ್ಯ.

ಇಲ್ಲಿಯವರೆಗಿನ ಕ್ರಮ ಎಲ್ಲ ರಾಜ್ಯಗಳಿಗೂ ಸಮಾನ. ವ್ಯತ್ಯಾಸ ಆರಂಭವಾಗುವುದು ಹೊಗೆಯ ವಿಷಯದಲ್ಲಿ ಮತ್ತು ತೆರಿಗೆಯ ವಿಷಯದಲ್ಲಿ.

2. ಭಾರತ್ ಸ್ಟೇಜ್: ಒಂದೇ ವರ್ಷದ ಕಾರು, ಎರಡು ಮಟ್ಟ

ವಾಹನದ ಹೊಗೆಯ ಗುಣಮಟ್ಟವನ್ನು ಭಾರತ್ ಸ್ಟೇಜ್, ಅಂದರೆ ಬಿಎಸ್ ಎಂಬ ಶ್ರೇಣಿಯಿಂದ ಗುರುತಿಸಲಾಗುತ್ತದೆ. ಬಿಎಸ್-4 ಮಟ್ಟವು 2010ರ ಏಪ್ರಿಲ್‌ನಲ್ಲಿ ರಾಷ್ಟ್ರ ರಾಜಧಾನಿ ಪ್ರದೇಶವೂ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಮೊದಲು ಜಾರಿಗೆ ಬಂದಿತು. ದೇಶದ ಉಳಿದ ಭಾಗದಲ್ಲಿ ಬಿಎಸ್-3 ಜಾರಿಗೆ ಬಂದಿತು. ದೇಶಾದ್ಯಂತ ಬಿಎಸ್-4 ಕಡ್ಡಾಯವಾದದ್ದು 2017ರ ಏಪ್ರಿಲ್ 1ರಂದು, ಬಿಎಸ್-6 ಕಡ್ಡಾಯವಾದದ್ದು 2020ರ ಏಪ್ರಿಲ್ 1ರಂದು.

ಇದರ ಪರಿಣಾಮವನ್ನು ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕು. 2010ರಿಂದ 2017ರ ಮಾರ್ಚ್‌ವರೆಗಿನ ಅವಧಿಯಲ್ಲಿ ಬೆಂಗಳೂರು ನಗರದೊಳಗೆ ನೋಂದಣಿಯಾದ ಹೊಸ ಕಾರು ಬಿಎಸ್-4 ಆಗಿರುತ್ತದೆ. ನಗರದ ಹೊರಗಿನ ಕಚೇರಿಗಳಲ್ಲಿ ಅದೇ ವರ್ಷ ನೋಂದಣಿಯಾದ ಕಾರು ಬಿಎಸ್-3 ಆಗಿರುವ ಸಾಧ್ಯತೆಯಿದೆ. ಊರಿನಲ್ಲಿ ಓಡಿಸುವವರೆಗೆ ಈ ಭೇದ ಲೆಕ್ಕಕ್ಕೆ ಬರುವುದಿಲ್ಲ. ದೆಹಲಿಗೆ ಹೊರಟ ದಿನ ಎಲ್ಲವೂ ಅದರ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಮೊತ್ತಮೊದಲ ಕೆಲಸವೆಂದರೆ ನೋಂದಣಿ ಪತ್ರವನ್ನು ತೆಗೆದು ಇಂಧನ, ಮೊದಲ ನೋಂದಣಿಯ ದಿನಾಂಕ ಮತ್ತು ಬಿಎಸ್ ಮಟ್ಟ ಈ ಮೂರನ್ನು ಬರೆದುಕೊಳ್ಳುವುದು. ಹಳೆಯ ಪತ್ರದಲ್ಲಿ ಬಿಎಸ್ ಮಟ್ಟ ನಮೂದಾಗಿರದಿದ್ದರೆ ವಾಹನ್ ದಾಖಲೆಯಲ್ಲಿ ಪರಿಶೀಲಿಸಬೇಕು.

3. ದೆಹಲಿಯ ಬಿಗಿ ನಿಯಮಗಳು

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರ ನವೆಂಬರ್‌ನಲ್ಲಿ 15 ವರ್ಷ ಮೀರಿದ ವಾಹನಗಳ ಮೇಲೂ, 2015ರ ಏಪ್ರಿಲ್‌ನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೂ ನಿರ್ಬಂಧ ವಿಧಿಸಿತು. 2018ರ ಅಕ್ಟೋಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು. 2025ರ ಆಗಸ್ಟ್ 12ರಂದು ಅದೇ ನ್ಯಾಯಾಲಯವು ವಯಸ್ಸಿನ ಕಾರಣದಿಂದ ಮಾತ್ರವೇ ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಮಧ್ಯಂತರ ಆದೇಶ ನೀಡಿತು. ಆದರೆ 2025ರ ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿಎಸ್-4 ಹಾಗೂ ಅದಕ್ಕೂ ಮೇಲಿನ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ಅಂದರೆ ಮೇಲೆ ಹೇಳಿದ ಬಿಎಸ್-3 ಕಾರಿಗೆ, ವಯಸ್ಸು ಮೀರಿದಾಗ, ಈ ರಕ್ಷಣೆಯೂ ಇಲ್ಲ.

ಶಕ್ತಿಶಾಲಿ ಡೀಸೆಲ್ ಕಾರುಗಳಿಗೆ ದೆಹಲಿಯಲ್ಲಿ ಬೇರೆಯದೇ ಆದ ಇತಿಹಾಸವುಂಟು. 2015ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು 2,000 ಸಿ.ಸಿ. ಮತ್ತು ಮೇಲಿನ ಡೀಸೆಲ್ ಕಾರುಗಳ ನೋಂದಣಿಯನ್ನು ರಾಜಧಾನಿ ಪ್ರದೇಶದಲ್ಲಿ ತಡೆಹಿಡಿಯಿತು. 2016ರ ಆಗಸ್ಟ್‌ನಲ್ಲಿ ಶೇ. 1ರ ಪರಿಸರ ಶುಲ್ಕದ ಷರತ್ತಿನೊಡನೆ ಆ ತಡೆಯನ್ನು ತೆರವುಗೊಳಿಸಿತು. ಎಂಟು ತಿಂಗಳ ಕಾಲ ಹೊಸ ಕಾರನ್ನೇ ನೋಂದಾಯಿಸಲು ಸಾಧ್ಯವಾಗದಿದ್ದ ಈ ಪ್ರಸಂಗವನ್ನು ವ್ಯಾಪಾರಿಯು ಮರೆಯಬಾರದು. ಅಲ್ಲಿ ನಿಯಮವು ನ್ಯಾಯಾಲಯದ ಒಂದೇ ಆದೇಶದಿಂದ ಬದಲಾಗಬಲ್ಲದು.

ಇದರ ಮೇಲೆ ಚಳಿಗಾಲದ ಶ್ರೇಣೀಕೃತ ಕ್ರಮ ಯೋಜನೆಯಿದೆ. ಗಾಳಿಯ ಗುಣಮಟ್ಟ ಕೆಟ್ಟು ಮೂರನೆಯ ಹಂತ ಘೋಷಣೆಯಾದಾಗ ದೆಹಲಿ, ಗುರುಗ್ರಾಮ, ಫರೀದಾಬಾದ್, ಘಾಜಿಯಾಬಾದ್ ಮತ್ತು ಗೌತಮ ಬುದ್ಧ ನಗರ ಜಿಲ್ಲೆಗಳಲ್ಲಿ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳ ಸಂಚಾರ ನಿಷಿದ್ಧವಾಗುತ್ತದೆ. ಉಲ್ಲಂಘನೆಗೆ ರೂ. 20,000 ದಂಡವಿದೆ. "ಗುರುಗ್ರಾಮ ಹರಿಯಾಣದಲ್ಲಿದೆ, ನೋಯ್ಡಾ ಉತ್ತರ ಪ್ರದೇಶದಲ್ಲಿದೆ, ದೆಹಲಿಯ ನಿಯಮ ನಮಗೇಕೆ?" ಎಂದು ಕೇಳುವವರಿದ್ದಾರೆ. ಉತ್ತರ ಸರಳ: ವಯಸ್ಸಿನ ನಿರ್ಬಂಧವೂ ಚಳಿಗಾಲದ ನಿರ್ಬಂಧವೂ ರಾಜ್ಯದ ಗಡಿಯನ್ನಲ್ಲ, ರಾಜಧಾನಿ ಪ್ರದೇಶದ ಗಡಿಯನ್ನು ಅನುಸರಿಸುತ್ತವೆ.

ಸರಕು ಸಾಗಿಸುವ ಸದಸ್ಯರಿಗೊಂದು ಸೂಚನೆ. ದೆಹಲಿಯಲ್ಲಿ ನೋಂದಣಿಯಾಗದ, ಬಿಎಸ್-3 ಮತ್ತು ಅದಕ್ಕೂ ಕೆಳಗಿನ ವಾಣಿಜ್ಯ ಸರಕು ವಾಹನಗಳಿಗೆ 2025ರ ನವೆಂಬರ್ 1ರಿಂದ ದೆಹಲಿ ಪ್ರವೇಶವಿಲ್ಲ. ಬಿಎಸ್-4 ಸರಕು ವಾಹನಗಳಿಗೆ 2026ರ ಅಕ್ಟೋಬರ್ 31ರ ಗಡುವನ್ನು ನೀಡಲಾಗಿದೆ. ಸಾರಿಗೆ ಕರಾರು ಮಾಡಿಕೊಳ್ಳುವಾಗ ಲಾರಿಯ ಬಿಎಸ್ ಮಟ್ಟವನ್ನೂ ಕರಾರಿನಲ್ಲಿ ನಮೂದಿಸುವುದು ಲೇಸು.

4. ಎಂಜಿನ್ ಮಾರ್ಪಾಡಿನ ಅಪಾಯ

ಹೆಚ್ಚು ವೇಗದ ಆಸೆಯಿಂದ ಎಂಜಿನ್ನಿನ ಗಣಕ ತಂತ್ರಾಂಶವನ್ನು ಬದಲಾಯಿಸುವುದು, ಹೊಗೆ ಕೊಳವೆಯಲ್ಲಿರುವ ಕೆಟಲಿಟಿಕ್ ಕನ್ವರ್ಟರನ್ನು ಕಿತ್ತು ನೇರ ಕೊಳವೆ ಜೋಡಿಸುವುದು ಇತ್ತೀಚೆಗೆ ಹೆಚ್ಚಾಗಿದೆ. ಕನ್ವರ್ಟರು ವಿಷಾನಿಲಗಳನ್ನು ರಾಸಾಯನಿಕ ಕ್ರಿಯೆಯಿಂದ ನಿರುಪದ್ರವಿ ಅನಿಲಗಳಾಗಿ ಪರಿವರ್ತಿಸುವ ಸಾಧನ. ಅದನ್ನು ತೆಗೆದರೆ ಹೊಗೆಯ ದಾರಿ ಸಲೀಸಾಗಿ ಶಕ್ತಿ ತುಸು ಹೆಚ್ಚಬಹುದು, ಆದರೆ ವಿಷ ನೇರವಾಗಿ ಗಾಳಿಗೆ ಸೇರುತ್ತದೆ.

ಕಾಯಿದೆಯ 52ನೆಯ ಪ್ರಕರಣವು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನು ಸ್ಪಷ್ಟವಾಗಿ ದೃಢಪಡಿಸಿದೆ. 2019ರ ತಿದ್ದುಪಡಿಯ ನಂತರ 182-ಎ ಪ್ರಕರಣದಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹೊಗೆ ಮತ್ತು ಶಬ್ದದ ಮಿತಿ ಮೀರಿದ್ದಕ್ಕೆ 190(2)ನೆಯ ಪ್ರಕರಣದಡಿ ರೂ. 10,000ವರೆಗೆ ದಂಡವೂ ಸೆರೆವಾಸವೂ ಉಂಟು.

ವಾಯುಮಾಲಿನ್ಯ ತಪಾಸಣೆಯಲ್ಲಿ ಬಿಎಸ್-4 ಪೆಟ್ರೋಲ್ ಕಾರು ನಿಂತು ಉರಿಯುವಾಗ ಇಂಗಾಲದ ಮಾನಾಕ್ಸೈಡು ಶೇ. 0.3ನ್ನೂ, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 200 ಭಾಗವನ್ನೂ ಮೀರಬಾರದು. ಕನ್ವರ್ಟರು ಇಲ್ಲದ ಕಾರು ಈ ಮಿತಿಯನ್ನು ದಾಟುವುದು ಬಹಳ ಕಷ್ಟ. ಎಲ್ಲಿಂದಲೋ ಒಂದು ಪ್ರಮಾಣಪತ್ರ ದೊರಕಿಸಿಕೊಂಡರೂ, ಹೊಸ ರಾಜ್ಯದಲ್ಲಿ ನೋಂದಣಿಗಾಗಿ ವಾಹನವನ್ನು ಭೌತಿಕವಾಗಿ ಪರಿಶೀಲಿಸುವಾಗ ಮಾರ್ಪಾಡು ಬಯಲಾಗುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರ ನಿರಾಕರಿಸಲು ಕಾರಣವಾಗಬಲ್ಲದು. ಆದುದರಿಂದ ಮೂಲ ಬಿಡಿಭಾಗಗಳನ್ನು ಮರುಜೋಡಿಸಿ, ಅಧಿಕೃತ ಸೇವಾ ಕೇಂದ್ರದ ಬಿಲ್ಲನ್ನು ಕಡತದಲ್ಲಿ ಇಟ್ಟುಕೊಂಡ ನಂತರವೇ ಮುಂದಿನ ಹೆಜ್ಜೆಯಿಡಬೇಕು.

5. ತೆರಿಗೆ: ಎರಡು ಬಾರಿ ಕೊಟ್ಟು ಒಂದು ಬಾರಿ ಹಿಂಪಡೆಯುವುದು

ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯಿದೆ 1957ರಂತೆ ಹೊಸ ಕಾರಿನ ಜೀವಾವಧಿ ತೆರಿಗೆಯು ಬೆಲೆಯನ್ನನುಸರಿಸಿ ಶೇ. 13, 14, 17 ಮತ್ತು 18 ಎಂಬ ನಾಲ್ಕು ಹಂತಗಳಲ್ಲಿದೆ. ರೂ. 20 ಲಕ್ಷ ಮೀರಿದ ಕಾರಿಗೆ ಶೇ. 18. ತೆರಿಗೆಯ ಮೇಲೆ ಶೇ. 11ರ ಉಪಕರ ಬೇರೆ. ದೆಹಲಿಯಲ್ಲಿ ರೂ. 10 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಶೇ. 10, ಡೀಸೆಲ್ ಕಾರಿಗೆ ಶೇ. 12.5. ಕಂಪನಿಯ ಹೆಸರಿನಲ್ಲಿದ್ದರೆ ಈ ತೆರಿಗೆಯ ಕಾಲು ಭಾಗ ಹೆಚ್ಚುವರಿ. ಇವು ಹೊಸ ವಾಹನದ ದರಗಳು. ಹಳೆಯ ವಾಹನಕ್ಕೆ ಎಷ್ಟು ಕಟ್ಟಬೇಕೆಂಬುದನ್ನು ಹೊರಡುವ ಮುನ್ನವೇ ಅಲ್ಲಿನ ಕಚೇರಿಯಿಂದ ತಿಳಿದುಕೊಳ್ಳಬೇಕು.

ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ, ವಾಹನದ ವಯಸ್ಸಿಗೆ ಅನುಗುಣವಾದ ಭಾಗವನ್ನು ಮರುಪಾವತಿಯಾಗಿ ಪಡೆಯಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ವಾಹನವು ಹೊರರಾಜ್ಯದಲ್ಲಿ ಮರುನೋಂದಣಿಯಾದ ದಾಖಲೆಯನ್ನು ತೋರಿಸಿದ ಮೇಲೆ ಈ ಹಣ ಬರುವುದು ವಾಡಿಕೆ. ಆದ್ದರಿಂದ ಮೊದಲು ಅಲ್ಲಿ ಕಟ್ಟಲು ಕೈಯಲ್ಲಿ ನಗದು ಬೇಕು. ಡಿಪೋದ ದುಡಿಯುವ ಬಂಡವಾಳದಿಂದ ಇದನ್ನು ತೆಗೆಯುವ ಯೋಚನೆಯಿದ್ದರೆ ಮೊದಲೇ ಲೆಕ್ಕ ಹಾಕಬೇಕು.

"ಬಿಎಚ್ ಸರಣಿಯ ಸಂಖ್ಯೆ ಪಡೆದರೆ ಈ ತೊಂದರೆಯಿಲ್ಲವಲ್ಲ?" ಎಂಬ ಪ್ರಶ್ನೆಯೂ ಬರುತ್ತದೆ. 2021ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಈ ಸರಣಿಯು ರಕ್ಷಣಾ ಸಿಬ್ಬಂದಿ, ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ನೌಕರರು ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಮೀಸಲು. ನೆಲಮಂಗಲದಲ್ಲಿ ಕಾರ್ಖಾನೆ ಹಾಗೂ ದೆಹಲಿಯಲ್ಲೊಂದು ಡಿಪೋ ಇರುವ ಸಣ್ಣ ತಯಾರಕರಿಗೆ ಇದು ದೊರೆಯುವುದಿಲ್ಲ.

6. ಒಂದು ಕಲ್ಪಿತ ಉದಾಹರಣೆ

ಸೋಂಪುರದ ಯಂತ್ರಭಾಗ ತಯಾರಿಕಾ ಸಂಸ್ಥೆಯೊಂದು 2018ರ ಜೂನ್‌ನಲ್ಲಿ ಎರಡು ಲೀಟರಿನ ಬಿಎಸ್-4 ಡೀಸೆಲ್ ಕಾರನ್ನು ರೂ. 25,00,000ಕ್ಕೆ ಕೊಂಡಿತೆಂದು ಭಾವಿಸೋಣ.

ಜೀವಾವಧಿ ತೆರಿಗೆ ಶೇ. 18: ರೂ. 4,50,000
ಉಪಕರ ಶೇ. 11: ರೂ. 49,500
ಒಟ್ಟು ವೆಚ್ಚ: ರೂ. 29,99,500, ಅಂದರೆ ಸುಮಾರು ರೂ. 30 ಲಕ್ಷ

ಆದಾಯ ತೆರಿಗೆಯ ಲೆಕ್ಕದಲ್ಲಿ ಮೋಟಾರು ಕಾರಿನ ಸಾಮಾನ್ಯ ಸವಕಳಿ ದರ ಇಳಿಮೌಲ್ಯದ ಮೇಲೆ ಶೇ. 15. ಎಂಟು ವರ್ಷಗಳ ಸವಕಳಿಯ ನಂತರ, ಅಂದರೆ 2026ರ ಮಾರ್ಚ್ 31ರಂದು, ಉಳಿಯುವ ಮೌಲ್ಯ ಸುಮಾರು ರೂ. 8,17,500.

ಈ ಕಾರನ್ನು ಕರ್ನಾಟಕದಲ್ಲಿಯೇ ಇಟ್ಟುಕೊಂಡರೆ 15 ವರ್ಷದ ನೋಂದಣಿ ಅವಧಿಯಲ್ಲಿ ಇನ್ನು ಏಳು ವರ್ಷ ಬಾಕಿಯಿದೆ. ಉಳಿದ ಮೌಲ್ಯವನ್ನು ಏಳರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು ರೂ. 1,16,800. ದೆಹಲಿಗೆ ಒಯ್ದರೆ 10 ವರ್ಷದ ಮಿತಿಗೆ ಎರಡೇ ವರ್ಷ. ಅದೇ ಮೌಲ್ಯ ವರ್ಷಕ್ಕೆ ರೂ. 4,08,750 ಆಗುತ್ತದೆ. ಎರಡು ಲೆಕ್ಕದಲ್ಲಿಯೂ ಕೊನೆಯ ಮಾರಾಟ ಬೆಲೆಯನ್ನು ಬಿಟ್ಟಿದ್ದೇನೆ. ಬಿಎಸ್-4 ಆಗಿರುವುದರಿಂದ ಸದ್ಯದ ಆದೇಶದ ರಕ್ಷಣೆ ಈ ಕಾರಿಗೆ ದೊರೆಯುವುದು ನಿಜ. ಆದರೆ ಮಧ್ಯಂತರ ಆದೇಶವನ್ನು ಶಾಶ್ವತ ಆಸ್ತಿಯೆಂದು ಎಣಿಸುವುದು ಲೆಕ್ಕಶಾಸ್ತ್ರದ ವಿವೇಕ ತತ್ತ್ವಕ್ಕೆ ಒಪ್ಪುವ ಮಾತಲ್ಲ. ನಿರೀಕ್ಷಿತ ನಷ್ಟವನ್ನು ಗಣಿಸು, ನಿರೀಕ್ಷಿತ ಲಾಭವನ್ನು ಗಣಿಸಬೇಡ ಎಂಬುದೇ ಆ ತತ್ತ್ವ. ಇದಲ್ಲದೆ, ಚಳಿಗಾಲದ ಮೂರನೆಯ ಹಂತದಲ್ಲಿ ಈ ಬಿಎಸ್-4 ಡೀಸೆಲ್ ಕಾರು ಮನೆಯ ಮುಂದೆ ನಿಲ್ಲಬೇಕಾದೀತು. ಆ ದಿನಗಳ ಬಾಡಿಗೆ ವಾಹನದ ಖರ್ಚನ್ನೂ ಸೇರಿಸಬೇಕು.

ಪರ್ಯಾಯವಾಗಿ ಕಾರನ್ನು ಇಲ್ಲಿಯೇ ರೂ. 11,00,000ಕ್ಕೆ ಮಾರಿದರೆ ಏನಾಗುತ್ತದೆ? 2025ರ ಜನವರಿ 16ರಿಂದ ಹಳೆಯ ವಾಹನದ ಮಾರಾಟದಲ್ಲಿ ನೋಂದಾಯಿತ ವ್ಯಾಪಾರಿಯು ಜಿ.ಎಸ್.ಟಿ.ಯನ್ನು ಶೇ. 18ರ ದರದಲ್ಲಿ ಅಂತರದ ಮೇಲೆ ಮಾತ್ರ ಕಟ್ಟಬೇಕು. ಖರೀದಿಯ ಹೂಡುವಳಿ ತೆರಿಗೆಯನ್ನು ಪಡೆದಿರಬಾರದೆಂಬುದು ಷರತ್ತು. ಸವಕಳಿ ಪಡೆದವರಿಗೆ ಅಂತರವೆಂದರೆ ಮಾರಾಟ ಬೆಲೆ ಮತ್ತು ಆದಾಯ ತೆರಿಗೆಯ ಇಳಿಮೌಲ್ಯದ ವ್ಯತ್ಯಾಸ.

ಅಂತರ: 11,00,000 – 8,17,500 = ರೂ. 2,82,500
ಜಿ.ಎಸ್.ಟಿ. ಶೇ. 18: ರೂ. 50,850

ಅಂತರ ಋಣಾತ್ಮಕವಾದರೆ ತೆರಿಗೆಯೇ ಇಲ್ಲ. ಮಾರಾಟದ ಹಣ ಸಂಬಂಧಿತ ಆಸ್ತಿ ಸಮೂಹದ ಮೌಲ್ಯದಿಂದ ಕಳೆಯುವುದರಿಂದ, ಸಮೂಹದಲ್ಲಿ ಬೇರೆ ಆಸ್ತಿಗಳೂ ಸಾಕಷ್ಟು ಮೌಲ್ಯವೂ ಉಳಿದಿದ್ದರೆ ಆ ವರ್ಷವೇ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಮತ್ತೊಂದು ಅಂಶ: ರಾಜ್ಯದೊಳಗೆ ಮಾರಿದಾಗ ಕಟ್ಟಿದ ಜೀವಾವಧಿ ತೆರಿಗೆ ವಾಹನದೊಡನೆಯೇ ಕೊಳ್ಳುವವನಿಗೆ ಹೋಗುತ್ತದೆ. ಅದರ ಬೆಲೆ ಮಾರಾಟ ದರದಲ್ಲಿ ಅಡಗಿರುತ್ತದೆ. ಹೊರರಾಜ್ಯಕ್ಕೆ ಒಯ್ದರೆ ಆ ಬೆಲೆಯನ್ನು ಸರ್ಕಾರದಿಂದ ಅರ್ಜಿ ಹಾಕಿ ಪಡೆಯಬೇಕು.

ಕಾರನ್ನು ಒಯ್ಯಲೇಬೇಕೆಂದಿದ್ದಲ್ಲಿ, ಅದು ಸಂಸ್ಥೆಯ ಹೆಸರಿನಲ್ಲಿದ್ದು ದೆಹಲಿ ಡಿಪೋಗೆ ಪ್ರತ್ಯೇಕ ಜಿ.ಎಸ್.ಟಿ. ಸಂಖ್ಯೆ ಇದ್ದರೆ, ಕಾನೂನಿನ ದೃಷ್ಟಿಯಲ್ಲಿ ಅವೆರಡೂ ಭಿನ್ನ ವ್ಯಕ್ತಿಗಳು. ಕಾರನ್ನು ಶಾಶ್ವತವಾಗಿ ಡಿಪೋದ ಪುಸ್ತಕಕ್ಕೆ ವರ್ಗಾಯಿಸುವುದು ಹಣ ಪಡೆಯದಿದ್ದರೂ ಪೂರೈಕೆಯೆನಿಸಬಹುದು. ವರ್ಗಾವಣೆಯ ನಮೂದನ್ನು ಬರೆಯುವ ಮುನ್ನ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿರಿ. ತೆರಿಗೆಯ ಮರುಪಾವತಿ ಬಂದಾಗ ಅದನ್ನು ಪಾಲುದಾರನ ಸ್ವಂತ ಖಾತೆಗೆ ಜಮಾ ಮಾಡಕೂಡದು. ಅದು ಸಂಸ್ಥೆಯ ಹಣ.

7. ವಿರುದ್ಧ ದಿಕ್ಕಿನ ವ್ಯಾಪಾರ

ದೆಹಲಿಯಲ್ಲಿ ವಯಸ್ಸಿನ ಅಂಚಿಗೆ ಬಂದ ಐಷಾರಾಮಿ ಕಾರುಗಳು ಅಗ್ಗವಾಗಿ ಸಿಗುತ್ತವೆಂದು ತಂದು ಇಲ್ಲಿ ಓಡಿಸುವವರಿದ್ದಾರೆ. ಕೊಳ್ಳುವ ಬೆಲೆ ಅಗ್ಗವಿರಬಹುದು, ಆದರೆ ಕರ್ನಾಟಕದ ಜೀವಾವಧಿ ತೆರಿಗೆ ಅಗ್ಗವಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಅಧಿಕಾರಿಗಳು ಹೊರರಾಜ್ಯದ ಸಂಖ್ಯೆಯ, ಇಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಕಾರಿಗೆ ದಂಡಸಹಿತ ತೆರಿಗೆಯಾಗಿ ವಸೂಲಾದ ಮೊತ್ತ ಸುಮಾರು ರೂ. 1.4 ಕೋಟಿ. ಹೊರರಾಜ್ಯದ ಕಾರನ್ನು ಕೊಳ್ಳುವವರು ನಿರಾಕ್ಷೇಪಣಾ ಪತ್ರ, ಬಿಎಸ್ ಮಟ್ಟ, ಬಾಕಿ ದಂಡ ಮತ್ತು ಇಲ್ಲಿ ಕಟ್ಟಬೇಕಾದ ತೆರಿಗೆ ಈ ನಾಲ್ಕನ್ನೂ ಕೂಡಿಸಿಯೇ ಬೆಲೆ ಮಾತನಾಡಬೇಕು.

8. ಅಮೆರಿಕೆಯಲ್ಲಿ ಮಕ್ಕಳಿರುವ ಸದಸ್ಯರಿಗೆ

ಒಂದೇ ದೇಶದೊಳಗೆ ಒಂದು ರಾಜ್ಯ ಬಿಗಿಯಾಗಿರುವುದು ನಮ್ಮಲ್ಲಿ ಮಾತ್ರವಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ನಿವಾಸಿಯು, ಅಲ್ಲಿನ ಪ್ರಮಾಣೀಕರಣವಿಲ್ಲದ ಮತ್ತು 7,500 ಮೈಲಿಗಿಂತ ಕಡಿಮೆ ಓಡಿದ ಕಾರನ್ನು ಹೊರಗಿನಿಂದ ಕೊಂಡುತಂದರೆ ಸಾಮಾನ್ಯವಾಗಿ ನೋಂದಣಿ ದೊರೆಯದು. ಬೇರೆ ರಾಜ್ಯದಲ್ಲಿ ವಾಸವಿದ್ದು ಅಲ್ಲಿಯೇ ನೋಂದಾಯಿಸಿದ ಕಾರಿನೊಡನೆ ವಲಸೆ ಬಂದವರಿಗೆ ವಿನಾಯಿತಿಯಿದೆ. 2021ರ ಜುಲೈ 19ರಿಂದ ಅಲ್ಲಿನ ಹೊಗೆ ತಪಾಸಣೆಯಲ್ಲಿ ಎಂಜಿನ್ನಿನ ತಂತ್ರಾಂಶವನ್ನೂ ಪರೀಕ್ಷಿಸುತ್ತಾರೆ. ತಯಾರಕರ ಅಥವಾ ವಾಯು ಮಂಡಳಿಯ ಅನುಮೋದನೆಯಿಲ್ಲದ ತಂತ್ರಾಂಶವಿದ್ದರೆ, ಹೊಗೆ ಶುದ್ಧವಾಗಿದ್ದರೂ ಕಾರು ಅನುತ್ತೀರ್ಣ.

9. ಅನುಸರಿಸಬೇಕಾದ ಕ್ರಮ

(1) ಇಂಧನ, ನೋಂದಣಿ ದಿನಾಂಕ, ಬಿಎಸ್ ಮಟ್ಟ ಇವುಗಳನ್ನು ದಾಖಲೆಯಿಂದ ಗುರುತಿಸಿಕೊಳ್ಳಿರಿ.
(2) ಆ ವಾಹನಕ್ಕೆ ನೋಂದಣಿ ದೊರೆಯುವುದೇ, ಎಷ್ಟು ವರ್ಷಕ್ಕೆ, ಎಷ್ಟು ತೆರಿಗೆಗೆ ಎಂಬುದನ್ನು ಹೊಸ ಊರಿನ ಕಚೇರಿಯಲ್ಲಿ ಮೊದಲು ವಿಚಾರಿಸಿರಿ.
(3) ಮಾರ್ಪಾಡುಗಳನ್ನು ತೆಗೆಸಿ ಹೊಗೆ ತಪಾಸಣೆ ಮಾಡಿಸಿರಿ.
(4) ಬಾಕಿ ದಂಡ, ತೆರಿಗೆ, ಸಾಲದ ನಮೂದುಗಳನ್ನು ಇತ್ಯರ್ಥಪಡಿಸಿರಿ.
(5) ನಂತರವೇ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿರಿ.
(6) ವಿಮಾ ಕಂಪನಿಗೆ ಸ್ಥಳ ಬದಲಾವಣೆಯನ್ನು ಬರಹದಲ್ಲಿ ತಿಳಿಸಿರಿ.
(7) ಅಲ್ಲಿ ನಮೂನೆ 27 ಸಲ್ಲಿಸಿ, ತೆರಿಗೆ ಕಟ್ಟಿ, ಹೊಸ ಸಂಖ್ಯೆ ಪಡೆಯಿರಿ.
(8) ಹೊಸ ನೋಂದಣಿ ಪತ್ರದ ಪ್ರತಿಯೊಡನೆ ಇಲ್ಲಿ ಮರುಪಾವತಿಗೆ ಅರ್ಜಿ ಸಲ್ಲಿಸಿರಿ.

ಎರಡನೆಯ ಹೆಜ್ಜೆಯನ್ನು ಬಿಟ್ಟು ಐದನೆಯದಕ್ಕೆ ಹಾರಿದವರ ವಾಹನ ತ್ರಿಶಂಕುವಿನ ಸ್ಥಿತಿಗೆ ಬರುತ್ತದೆ. ಇಲ್ಲಿಂದ ಬಿಡುಗಡೆಯಾಗಿರುತ್ತದೆ, ಅಲ್ಲಿ ಸೇರ್ಪಡೆಯಾಗಿರುವುದಿಲ್ಲ. ಆ ಪತ್ರವನ್ನು ರದ್ದುಪಡಿಸುವವರೆಗೆ ಮಾರುವುದೂ ಕಷ್ಟ. ಆದುದರಿಂದ ಕಾರಿನ ಮೇಲಿನ ಮೋಹವನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು, ಒಂದು ಹಾಳೆಯ ಮೇಲೆ ಒಯ್ಯುವ ಖರ್ಚನ್ನೂ ಮತ್ತೊಂದು ಹಾಳೆಯ ಮೇಲೆ ಮಾರಿ ಅಲ್ಲಿಯೇ ಕೊಳ್ಳುವ ಖರ್ಚನ್ನೂ ಬರೆಯಿರಿ. ಬಿಎಸ್-6 ಪೆಟ್ರೋಲ್ ಕಾರಾದರೆ ಒಯ್ಯುವ ಹಾಳೆ ಗೆಲ್ಲಬಹುದು. ಎಂಟು ವರ್ಷದ ಡೀಸೆಲ್ ಕಾರಾದರೆ ಬಹುತೇಕ ಮಾರುವ ಹಾಳೆಯೇ ಗೆಲ್ಲುತ್ತದೆ. ದರಗಳೂ ಆದೇಶಗಳೂ ಕಾಲಕಾಲಕ್ಕೆ ಬದಲಾಗುವುದರಿಂದ ಹಣ ಕಟ್ಟುವ ದಿನದ ಸ್ಥಿತಿಯನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳತಕ್ಕದ್ದು.